ಉಸ್ತಾದ್, ಕೋರ್ಟಿಗೆ ಹೋದ್ರೆ ಬೇರೆ ಆಗ್ಬಹುದಾ?

ಕಳೆದ ವಾರ ಮದ್ರಸ ಬಿಟ್ಟ ಮೇಲೆ ಹದಿನಾರರ ಹುಡುಗನೊಬ್ಬ ಹಿಂದೆ ಉಳಿದ. ರಜೆಯಲ್ಲಿ ಬಟ್ಟೆ ಅಂಗಡಿಯಲ್ಲಿ ದುಡಿದ ಹಣವನ್ನೆಲ್ಲ ತಂದೆ ತೆಗೆದುಕೊಂಡರಂತೆ. "ಉಸ್ತಾದ್, ಅಮೆರಿಕದಲ್ಲಿ ಮಕ್ಕಳು ಕೋರ್ಟಿಗೆ ಹೋಗಿ ತಂದೆ-ತಾಯಿಯಿಂದ ಬೇರೆ ಆಗ್ತಾರಂತೆ. ಇಲ್ಲಿ ಆಗುದಿಲ್ವಾ?" ಅಂತ ಕೇಳಿದ. ನಾವು ಬೈಯಲಿಲ್ಲ. ಬೈದರೆ ಬೇರೆಯವರ ಹತ್ತಿರ ಕೇಳ್ತಾನೆ, ಅಷ್ಟೇ.

ಅವನು ಹೇಳಿದ್ದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 14 ತುಂಬಿದವರು ಹಾಗೆ ಅರ್ಜಿ ಹಾಕಬಹುದು. ಆದರೆ ಅಷ್ಟು ಹೊತ್ತಿಗಾಗಲೇ ಹೆತ್ತವರ ಒಪ್ಪಿಗೆಯಿಂದಲೋ, ಅವರು ಅಡ್ಡಿ ಮಾಡದ್ದರಿಂದಲೋ ಬೇರೆ ವಾಸವಿರಬೇಕು. ತನ್ನ ಹಣಕಾಸು ತಾನೇ ನೋಡಿಕೊಳ್ಳುತ್ತಿರಬೇಕು, ಆದಾಯ ಅಪರಾಧದ್ದಾಗಿರಬಾರದು. ಕೋರ್ಟು ಒಪ್ಪಿದರೆ ಬಾಡಿಗೆ ಕರಾರಿಗೆ ತಾನೇ ಸಹಿ ಹಾಕಬಹುದು, ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು. ಅಲ್ಲಿಂದ ಮುಂದೆ ಸಾಕುವ ಹೊಣೆ ಮಾತ್ರ ಹೆತ್ತವರಿಗಿಲ್ಲ. ಇದನ್ನು ಕೇಳಿ ಹುಡುಗ ಸ್ವಲ್ಪ ತಣ್ಣಗಾದ. ಅನ್ನ ಉಮ್ಮನ ಕೈಯದ್ದೇ ಬೇಕಲ್ಲ!

ಮಗು ದುಡಿದ ಹಣದ ಜಗಳ ಅಲ್ಲಿ ಹಳೆಯದು. 1921ರ 'ದಿ ಕಿಡ್' ಚಿತ್ರದ ಬಾಲನಟ ಜಾಕಿ ಕೂಗನ್ ಲಕ್ಷಗಟ್ಟಲೆ ಡಾಲರ್ ಗಳಿಸಿದ್ದ. ದೊಡ್ಡವನಾಗಿ ನೋಡಿದರೆ ಹೆಚ್ಚಿನದೆಲ್ಲ ಖರ್ಚಾಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಮರುವರ್ಷ ಬಾಲನಟರ ಗಳಿಕೆಯಲ್ಲಿ ಒಂದು ಪಾಲು ತೆಗೆದಿಡಿಸುವ ಕಾನೂನು ಬಂತು.

ನಮ್ಮ ದೇಶದಲ್ಲಿ ಹಾಗೆ ಬೇರೆ ಆಗುವ ಕಾನೂನಿಲ್ಲ. 18 ತುಂಬಿದ ಮೇಲೆಯೇ ವಯಸ್ಕ. ಅದಕ್ಕೆ ಮೊದಲು ಮಾಡಿಕೊಂಡ ಕರಾರು ಊರ್ಜಿತವಲ್ಲವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಮನೆಯಲ್ಲಿ ಹೊಡೆತ, ಹಿಂಸೆ ಇದ್ದರೆ ಬೇರೆ ಮಾತು: 1098ಕ್ಕೆ ಫೋನು ಮಾಡಬಹುದು, ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿ ಇದೆ. ಮನೆಯ ಮಾನ ಅಂತ ಅದನ್ನು ಮುಚ್ಚಿಡುವುದು ನಮಗೆ ಸರಿ ಕಾಣುವುದಿಲ್ಲ.

ಹಾಗಾದರೆ ದುಡಿದ ಹಣ ಯಾರದ್ದು? ಕರ್ಮಶಾಸ್ತ್ರದಲ್ಲಿ ಅದು ಮಗನದ್ದೇ ಸೊತ್ತು, ತಂದೆ ಅದರ ಕಾವಲುಗಾರ. ಮಗನ ಖರ್ಚಿಗೆ ಅದರಿಂದ ತೆಗೆಯಬಹುದು, ಲೆಕ್ಕವಿಲ್ಲದೆ ಕರಗಿಸುವಂತಿಲ್ಲ. ತಂದೆಯೇ ಕೈ ಖಾಲಿಯಾಗಿ ಕೂತಿದ್ದರೆ ಅದು ಬೇರೆ ಮಸ್‌ಅಲ. ಬಾಲಿಗ್ ಆದ ಮಾತ್ರಕ್ಕೆ ಸೊತ್ತು ಮಗನ ಕೈಗೆ ಹೋಗುವುದಿಲ್ಲ, ರುಶ್ದ್, ಅಂದರೆ ವಿವೇಕವೂ ಕಾಣಬೇಕು. ಅದನ್ನು ಪರೀಕ್ಷಿಸುವುದು ಹೇಗೆಂದು ಇಮಾಮ್ ನವವಿಯವರ 'ಮಿನ್‌ಹಾಜ್'‌ನಲ್ಲಿದೆ. ವ್ಯಾಪಾರಿಯ ಮಗನನ್ನು ಕೊಡು-ಕೊಳ್ಳುವುದರಲ್ಲಿ, ಚೌಕಾಸಿಯಲ್ಲಿ ನೋಡಬೇಕು. ಬೇಸಾಯಗಾರನ ಮಗನನ್ನು ಬೇಸಾಯದಲ್ಲಿ, ಆಳುಗಳ ಖರ್ಚಿನಲ್ಲಿ. ಅದೂ ಬಾಲಿಗ್ ಆಗುವ ಮೊದಲೇ, ಒಂದಕ್ಕಿಂತ ಹೆಚ್ಚು ಸಲ. ಚೌಕಾಸಿ ಹುಡುಗ ಮಾಡಲಿ, ವ್ಯವಹಾರ ಕುದುರಿಸುವುದು ವಲಿ. ತಲೆಮಾರುಗಳಿಂದ ವ್ಯಾಪಾರ ಮಾಡಿದ ನಮ್ಮ ಮನೆಗಳಲ್ಲಿ ಎಷ್ಟು ತಂದೆಯಂದಿರು ಈ ಪರೀಕ್ಷೆ ಮಾಡಿದ್ದಾರೆ?

ಜುಮಾ ಮುಗಿದ ಮೇಲೆ ಅವನ ತಂದೆಯ ಹತ್ತಿರ ಮಾತಾಡಿದೆವು. "ಅದು ಅವನ ಅಕ್ಕನ ಫೀಸಿಗೆ ಹೋಯ್ತು ಉಸ್ತಾದ್. ಅವನಿಗೆ ಹೇಳ್ಲೇ ಇಲ್ಲ" ಅಂದರು. ಹತ್ತು ತುಂಬಿದ ಮಕ್ಕಳು ಬ್ಯಾಂಕಿನಲ್ಲಿ ತಾವೇ ನಡೆಸುವ ಉಳಿತಾಯ ಖಾತೆ ತೆರೆಯಬಹುದು ಅಂತಲೂ ಅವರಿಗೆ ಗೊತ್ತಿರಲಿಲ್ಲ. ಸೋಮವಾರ ಮಗನನ್ನು ಕರೆದುಕೊಂಡು ಹೋಗ್ತೇನೆ ಅಂದಿದ್ದಾರೆ. ಫೀಸಿನ ಲೆಕ್ಕವನ್ನು ಅಕ್ಕನೇ ತಮ್ಮನಿಗೆ ತೋರಿಸಿದಳಂತೆ.