ವಜ್ರದೊಳಗಿನ ಚುಕ್ಕೆ

ರತ್ನಗಳಲ್ಲಿ ವಜ್ರಕ್ಕೆ ಅಗ್ರಸ್ಥಾನ. ಹಿಂದೆ ಅರಸರ ಕಿರೀಟಗಳಲ್ಲಿ ಮೆರೆಯುತ್ತಿದ್ದ ಈ ಹರಳು ಇಂದು ಸಾಮಾನ್ಯ ಗೃಹಸ್ಥರ ಮನೆಯನ್ನೂ ಪ್ರವೇಶಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಊರುಗಳಲ್ಲಿಯೂ ನಿಶ್ಚಿತಾರ್ಥದ ಉಂಗುರಕ್ಕೆ ಚಿಕ್ಕದೊಂದು ವಜ್ರವನ್ನು ಕೂಡಿಸುವವರುಂಟು. ಅಂಥ ಉಂಗುರದಲ್ಲಿ ಒಂದು ದಿನ ಕಪ್ಪು ಚುಕ್ಕೆಯೋ ಕೂದಲೆಳೆಯಂಥ ಗೆರೆಯೋ ಕಣ್ಣಿಗೆ ಬಿದ್ದರೆ ಮನೆಯವರ ಮನಸ್ಸು ಕಲಕುತ್ತದೆ. ಕೊಟ್ಟ ಬೀಗರ ಮೇಲೆ ಸಂಶಯ. ಮಾಡಿದ ಪತ್ತಾರನ ಮೇಲೆ ಸಂಶಯ. ಇದರ ಜೊತೆಗೆ ಅಪಶಕುನದ ಭಯ. ಅರಿಯದೆ ಆಡಿದ ಒಂದು ಮಾತು, ಆಗತಾನೆ ಕೂಡುತ್ತಿರುವ ಎರಡು ಮನೆತನಗಳ ನಡುವೆ ಬಿರುಕನ್ನು ತರಬಲ್ಲದು. ಆದುದರಿಂದ ಆ ಚುಕ್ಕೆ ಏನೆಂಬುದನ್ನು ಮೊದಲು ತಿಳಿಯಬೇಕು.

ವಜ್ರದಲ್ಲಿ ಕಾಣುವ ದೋಷಗಳು ಎರಡು ಬಗೆ: ಹುಟ್ಟಿನಿಂದ ಬಂದವು, ಪೆಟ್ಟಿನಿಂದ ಬಂದವು. ವಜ್ರವು ಇಂಗಾಲದ ಹರಳು. ನೆಲದಿಂದ ಸುಮಾರು 150 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಅಪಾರವಾದ ಒತ್ತಡ ಮತ್ತು ಉಷ್ಣತೆಗಳಲ್ಲಿ ಅದು ಬೆಳೆಯುತ್ತದೆ. ಬೆಳೆಯುವಾಗ ಸುತ್ತಲಿನ ಬೇರೆ ಖನಿಜಗಳ ಕಣಗಳು ಅದರ ಒಡಲಲ್ಲಿ ಸಿಕ್ಕಿಕೊಳ್ಳುವುದುಂಟು. ಇವು ಹುಟ್ಟುಮಚ್ಚೆಗಳಂತೆ, ಹರಳು ಇರುವವರೆಗೂ ಇರುತ್ತವೆ.

ಪೆಟ್ಟಿನ ಗುರುತು ಹಾಗಲ್ಲ. ವಜ್ರವು ಒಡೆಯಲಾರದೆಂಬ ನಂಬಿಕೆ ಜನರಲ್ಲಿದೆ. ಆದರೆ ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಕಟ್ಟಿಗೆಯು ಎಳೆಯ ಗುಂಟ ಸೀಳುವಂತೆ ವಜ್ರವೂ ನಾಲ್ಕು ನಿಶ್ಚಿತ ದಿಕ್ಕುಗಳಲ್ಲಿ ಸುಲಭವಾಗಿ ಸೀಳುತ್ತದೆ. ಅಂಚಿಗೆ ಬಿದ್ದ ಒಂದು ಏಟು ಅದರ ಚೂರನ್ನು ಹಾರಿಸಬಲ್ಲದು.

ನಮ್ಮ ಪ್ರಾಚೀನರು ಈ ಭೇದಗಳನ್ನು ಸೂಕ್ಷ್ಮವಾಗಿ ಗಮನಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವು ಮೂಲೆ ಮುರಿದ ವಜ್ರವನ್ನು ಕೀಳೆಂದು ಎಣಿಸುತ್ತದೆ. ರತ್ನಶಾಸ್ತ್ರ ಗ್ರಂಥಗಳಲ್ಲಿ ಬಿಂದು, ರೇಖೆ, ಕಾಗೆಯ ಹೆಜ್ಜೆಯನ್ನು ಹೋಲುವ ಕಾಕಪಾದ ಮೊದಲಾದ ದೋಷಗಳ ಹೆಸರುಗಳಿವೆ. ಅವುಗಳಿಂದ ಕೇಡುಂಟಾಗುವುದೆಂದೂ ಆ ಗ್ರಂಥಗಳು ಹೇಳುತ್ತವೆ. ಅವರ ನೋಟದ ಸೂಕ್ಷ್ಮತೆಯನ್ನು ಮೆಚ್ಚೋಣ. ಕೇಡಿನ ಭಯಕ್ಕೆ ಮಾತ್ರ ಆಧಾರವಿಲ್ಲ.

ಮೇಲೆ ಹೇಳಿದ ನಾಲ್ಕು ಊರುಗಳ ಸೀಮೆಯು ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದಲ್ಲಿ ವಜ್ರದ ಗಣಿಯೂ ಇದ್ದಿತು. 17ನೆಯ ಶತಮಾನದಲ್ಲಿ ಅದನ್ನು ಕಂಡ ಫ್ರೆಂಚ್ ವ್ಯಾಪಾರಿ ಟ್ಯಾವರ್ನಿಯರ್, 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದು ಬಿಜಾಪುರದಿಂದ ಎಂಟೊಂಬತ್ತು ದಿನಗಳ ದಾರಿಯೆಂದು ಬರೆದಿದ್ದಾನೆ. ಆ ಸ್ಥಳವನ್ನು ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಬಂಡೆಯ ಸೀಳುಗಳಲ್ಲಿದ್ದ ಮಣ್ಣನ್ನು ತೆಗೆಯಲು ಕಬ್ಬಿಣದ ಹಾರೆಗಳಿಂದ ಬಲವಾಗಿ ಹೊಡೆಯುತ್ತಿದ್ದರು. ಆ ಹೊಡೆತಕ್ಕೆ ಒಳಗಿನ ವಜ್ರಗಳು ಬಿರುಕು ಬಿಡುತ್ತಿದ್ದವು. ನಿರ್ಮಲವಾದ ಹರಳನ್ನು ಸಾಣೆಗಾರರು ಹೆಚ್ಚು ತೇಯುತ್ತಿರಲಿಲ್ಲ. ದೋಷವಿದ್ದರೆ ಮೈತುಂಬ ಪಟ್ಟೆಗಳನ್ನು ಕಡೆದು ಅದನ್ನು ಮರೆಮಾಡುತ್ತಿದ್ದರು. ವ್ಯಾಪಾರಿಗಳಾದರೋ ರಾತ್ರಿಯ ವೇಳೆ ಗೋಡೆಯ ಗೂಡಿನಲ್ಲಿ ದೊಡ್ಡ ಬತ್ತಿಯ ದೀಪವಿರಿಸಿ, ಅದರ ಬೆಳಕಿನಲ್ಲಿ ಹರಳನ್ನು ಬೆರಳುಗಳ ನಡುವೆ ಹಿಡಿದು ಪರೀಕ್ಷಿಸುತ್ತಿದ್ದರು.

ಟ್ಯಾವರ್ನಿಯರನು ವರ್ಣಿಸಿರುವ ಇನ್ನೊಂದು ದೃಶ್ಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ರುಚಿಸೀತು. ಹತ್ತರಿಂದ ಹದಿನಾರು ವರ್ಷದ ವರ್ತಕರ ಮಕ್ಕಳು ಊರಚೌಕದ ಮರದಡಿ ತೂಕದ ಬಟ್ಟುಗಳೊಡನೆ ಕುಳಿತಿರುತ್ತಿದ್ದರು. ಯಾರಾದರೂ ಹರಳು ತಂದರೆ ಹಿರಿಯ ಹುಡುಗನು ನೋಡಿ ಪಕ್ಕದವನಿಗೆ ಕೊಡುವನು. ಅದು ಕೈಯಿಂದ ಕೈಗೆ ಸಾಗಿ ಮತ್ತೆ ಅವನಿಗೇ ಬರುವವರೆಗೆ ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲರೂ ನೋಡಿದ ಮೇಲೆಯೇ ಬೆಲೆಯ ಮಾತು.

ಇಂದೂ ಈ ಕ್ರಮವೇ ಸರಿಯಾದುದು. ಉಂಗುರದಲ್ಲಿ ಚುಕ್ಕೆ ಕಂಡೊಡನೆ ಅದನ್ನು ಉಗುರುಬೆಚ್ಚಗಿನ ಸಾಬೂನುನೀರಿನಲ್ಲಿ ನೆನೆಯಿಟ್ಟು ಮೃದುವಾದ ಕುಂಚದಿಂದ ತೊಳೆಯಬೇಕು. ರೊಟ್ಟಿಯ ಹಿಟ್ಟು, ಎಣ್ಣೆಯ ಜಿಡ್ಡುಗಳೇ ಎಷ್ಟೋ ವೇಳೆ ಕಲೆಯಂತೆ ಕಾಣುತ್ತವೆ. ತೊಳೆದ ಮೇಲೂ ಉಳಿದರೆ ಹತ್ತುಪಟ್ಟು ಹಿಗ್ಗಿಸಿ ತೋರಿಸುವ ಮಸೂರದಿಂದ ನೋಡಬೇಕು. ಪೂರ್ತಿಯಾಗಿ ಒಳಗೇ ಇರುವ ಕಣವು ಸಾಮಾನ್ಯವಾಗಿ ಹುಟ್ಟಿನದು. ಅಂಚಿನಲ್ಲಿ ಹಾರಿದ ಚೂರು, ಮೇಲ್ಮೈಯನ್ನು ಮುಟ್ಟಿದ ಬಿರುಕು ಇದ್ದರೆ ಪೆಟ್ಟನ್ನು ಶಂಕಿಸಬೇಕು. ಉಂಗುರವನ್ನು ತೊಡದೆ ನುರಿತವರಿಗೆ ತೋರಿಸಬೇಕು. ಕೊಂಡಾಗ ಬಂದ ಪ್ರಯೋಗಾಲಯದ ಪರೀಕ್ಷಾಪತ್ರದಲ್ಲಿ ದೋಷಗಳ ನಕ್ಷೆಯಿದ್ದರೆ ಅದರೊಡನೆ ಹೋಲಿಸಬೇಕು. ನಕ್ಷೆಯಲ್ಲಿರುವ ಚುಕ್ಕೆಯೇ ಹರಳಿನಲ್ಲಿದ್ದರೆ ಹೊಸದಾಗಿ ಕೆಟ್ಟದ್ದೇನೂ ಇಲ್ಲ. ಹರಳು ಬದಲಾಗಿಲ್ಲವೆಂಬುದಕ್ಕೆ ಆ ಚುಕ್ಕೆಯೇ ಸಾಕ್ಷಿ.

ವರ್ತಕನು ಬೆಲೆಯಿಳಿಸುವ ಒಳಗಣ ಕಣವನ್ನು ವಿಜ್ಞಾನಿಯು ನಿಧಿಯೆಂದು ಭಾವಿಸುತ್ತಾನೆ. 2014ರಲ್ಲಿ ಬ್ರೆಜಿಲ್ ದೇಶದ ಒಂದು ಒರಟು ವಜ್ರದೊಳಗೆ ರಿಂಗ್‌ವುಡೈಟ್ ಎಂಬ ಖನಿಜದ ಅತಿ ಸಣ್ಣ ಕಣ ದೊರೆತ ವಿಷಯ ಪ್ರಕಟವಾಯಿತು. ಅದರಲ್ಲಿ ನೀರಿನ ಅಂಶವಿತ್ತು. ನೂರಾರು ಕಿಲೋಮೀಟರ್ ಆಳದಲ್ಲಿಯೂ ಖನಿಜಗಳಲ್ಲಿ ನೀರು ಅಡಗಿದೆಯೆಂಬುದಕ್ಕೆ ಆ ಕಣವು ಪ್ರತ್ಯಕ್ಷ ಸಾಕ್ಷಿಯಾಯಿತು. ಒಬ್ಬರಿಗೆ ಕಳಂಕವಾಗಿ ತೋರಿದ್ದು ಇನ್ನೊಬ್ಬರಿಗೆ ಜ್ಞಾನದ ಬಾಗಿಲಾದ ಬಗೆ ಇದು. ದೋಷವನ್ನು ಕಾಣುವುದಕ್ಕೆ ಕಣ್ಣು ಸಾಕು. ಅದು ಎಂಥ ದೋಷವೆಂದು ಅರಿಯುವುದಕ್ಕೆ ತಾಳ್ಮೆಯೂ ಬೇಕು, ತಿಳಿವಳಿಕೆಯೂ ಬೇಕು.