ಬ್ಲೂಸ್ ಕೇಳಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಅಮೆರಿಕದ ಬ್ಲೂಸ್, ಜಾನಪದ ಸಂಗೀತ ಕೇಳುವ ಆಸೆ. ಎಲ್ಲರೂ ರಾಬರ್ಟ್ ಜಾನ್ಸನ್ ಹೆಸರು ಹೇಳುತ್ತಾರೆ. ಅಲ್ಲಿಂದಲೇ ಶುರು ಮಾಡಬಹುದೇ?

ಉತ್ತರ: ಬೇಡ ಎನ್ನುತ್ತೇನೆ. ಜಾನ್ಸನ್ ದೊಡ್ಡ ಕಲಾವಿದರೇ. ಆದರೆ 1936–37ರಲ್ಲಿ ಅವರು ಮುದ್ರಿಸಿದ 29 ಹಾಡುಗಳ ಗರಗರ ಸದ್ದು ಹೊಸ ಕಿವಿಗೆ ತಕ್ಷಣ ಒಗ್ಗುವುದಿಲ್ಲ.

ಮೊದಲು ಮಿಸ್ಸಿಸ್ಸಿಪ್ಪಿ ಜಾನ್ ಹರ್ಟ್ ಅವರ 'ಟುಡೇ!' ಆಲ್ಬಂ ಕೇಳಿ. ಹರ್ಟ್ 1928ರಲ್ಲಿ ಒಂದಿಷ್ಟು ಹಾಡು ಮುದ್ರಿಸಿದ್ದರು. ಅವು ಅಷ್ಟಾಗಿ ಮಾರಾಟವಾಗಲಿಲ್ಲ. ಅವಲಾನ್ ಎಂಬ ತಮ್ಮ ಹಳ್ಳಿಗೆ ಮರಳಿ ಬೇಸಾಯ ಮಾಡಿಕೊಂಡಿದ್ದರು. ಅವರದೇ ಒಂದು ಹಾಡಿನಲ್ಲಿ ಆ ಊರಿನ ಹೆಸರಿತ್ತು. ಅದೇ ಸುಳಿವು ಹಿಡಿದು 1963ರಲ್ಲಿ ಅಭಿಮಾನಿಯೊಬ್ಬರು ಹುಡುಕಿಕೊಂಡು ಹೋದಾಗ ಹರ್ಟ್‌ಗೆ ಎಪ್ಪತ್ತರ ಆಸುಪಾಸು. ಅವರ ಗಿಟಾರ್ ನುಡಿಸಾಣಿಕೆಯಲ್ಲಿ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಲಯ ಹಿಡಿದಿರುತ್ತದೆ, ಉಳಿದ ಬೆರಳುಗಳು ಹಾಡಿನ ಧಾಟಿ ನುಡಿಸುತ್ತವೆ. ಇಬ್ಬರು ಕೂತು ನುಡಿಸಿದಂತಿರುತ್ತದೆ. ದನಿಯಲ್ಲಿ ಅಬ್ಬರವೇ ಇಲ್ಲ.

ಆಮೇಲೆ ಮಡ್ಡಿ ವಾಟರ್ಸ್ ಅವರ 'ಫೋಕ್ ಸಿಂಗರ್' (1964). ಎಲೆಕ್ಟ್ರಿಕ್ ಗಿಟಾರಿನಿಂದ ಷಿಕಾಗೋವನ್ನು ಕುಣಿಸಿದವರು ಇಲ್ಲಿ ಅಕೂಸ್ಟಿಕ್‌ಗೆ ಮರಳಿದ್ದಾರೆ. ಜತೆಗೆ ಗಿಟಾರಿಗೆ ತರುಣ ಬಡ್ಡಿ ಗೈ. (ಆಲ್ಬಮ್ಮಿನ ಹೆಸರಿನ ಹಿಂದೆ ರೆಕಾರ್ಡ್ ಕಂಪನಿಯ ವ್ಯಾಪಾರಬುದ್ಧಿಯಿದೆ, ಆಗ ಜಾನಪದಕ್ಕೆ ಭಾರಿ ಬೇಡಿಕೆ.)

ಜಾನಪದಕ್ಕಾದರೆ ಹ್ಯಾರಿ ಸ್ಮಿತ್ ಸಂಕಲಿಸಿದ, 1952ರ 'ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್' ಒಂದೇ ಸಾಕು. 84 ಹಾಡುಗಳಿವೆ, ನಿಧಾನವಾಗಿ ಕೇಳಿ.

ಹಿಂದೂಸ್ತಾನಿ ಕೇಳುವವರಾದರೆ ರೈ ಕೂಡರ್ ಮತ್ತು ವಿಶ್ವಮೋಹನ ಭಟ್ಟರ 'ಎ ಮೀಟಿಂಗ್ ಬೈ ದ ರಿವರ್' (1993) ಬಿಡಬೇಡಿ. ಕೂಡರ್ ಅವರ ಸ್ಲೈಡ್ ಗಿಟಾರಿನ ಜಾರುಸ್ವರಕ್ಕೂ ಭಟ್ಟರ ಮೋಹನವೀಣೆಯ ಮೀಂಡಿಗೂ ಎಷ್ಟು ನಂಟೆಂದು ತಿಳಿಯುತ್ತದೆ. ಇದಕ್ಕೆ ಗ್ರ್ಯಾಮಿಯೂ ಬಂದಿದೆ.

ಒಂದು ವಿನಂತಿ: ಇವನ್ನು ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಮಂದ್ರದ ತಂತಿ ಕೇಳಿಸುವುದೇ ಇಲ್ಲ. ಇಯರ್‌ಫೋನ್ ಹಾಕಿಕೊಳ್ಳಿ.