ವಿಡಿಯೋ ಆಟಗಳೂ ತೃತೀಯಲಿಂಗಿಗಳ ಮಾನವೂ

ಮಕ್ಕಳಿಗೂ ಆಟಕ್ಕೂ ಬಿಡಿಸಲಾರದ ನಂಟು. ಚಿಣಿಪಣಿ, ಲಗೋರಿ, ಗೋಲಿ ನಮ್ಮ ಹಿರಿಯರು ಆಡಿದ ಆಟಗಳು. ಇಂದು ಆ ಸಾಲಿಗೆ ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ವಿಡಿಯೋ ಆಟಗಳೂ ಸೇರಿವೆ. ಚಿಣಿಪಣಿಯನ್ನು ಮೊದಲು ಕಂಡುಹಿಡಿದವರು ಯಾರೆಂದು ಯಾರೂ ಕೇಳುವುದಿಲ್ಲ. ವಿಡಿಯೋ ಆಟದ ಮಾತು ಹಾಗಲ್ಲ. ಅದನ್ನು ಒಂದು ಕಂಪನಿ ತಯಾರಿಸಿ ಮಾರುತ್ತದೆ. ಅದರಲ್ಲಿ ವೀರರು ಯಾರು, ಖಳರು ಯಾರು, ನಗೆಗೀಡಾಗುವವರು ಯಾರು ಎಂಬುದನ್ನು ಕಂಪನಿಯೇ ಗೊತ್ತುಮಾಡುತ್ತದೆ. ಹೀಗಿರುವಾಗ, ಈ ಕಂಪನಿಗಳು ತೃತೀಯಲಿಂಗಿಗಳನ್ನು ತೋರಿಸುವ ರೀತಿ ಅವಮಾನಕರವೇ ಎಂಬ ಪ್ರಶ್ನೆ ಹಲವು ದೇಶಗಳಲ್ಲಿ ಚರ್ಚೆಗೆ ಬಂದಿದೆ. ಇದನ್ನು ನಮ್ಮ ಚರ್ಚಾಸ್ಪರ್ಧೆಗೆ ಇಟ್ಟರೆ ಎರಡು ಪಕ್ಷಗಳೂ ಏನು ಹೇಳಬಹುದು? ವಿಚಾರ ಮಾಡೋಣ.

ಮೊದಲು ತೃತೀಯಲಿಂಗಿಗಳೆಂದರೆ ಯಾರೆಂದು ತಿಳಿಯಬೇಕು. ಹುಟ್ಟಿದಾಗ ಗಂಡೆಂದು ಬರೆಯಿಸಿದ ಮಗು ಬೆಳೆಯುತ್ತ ತಾನು ಹೆಣ್ಣೆಂದು ಅರಿಯಬಹುದು. ಹೆಣ್ಣೆಂದು ಬರೆಯಿಸಿದ ಮಗು ತಾನು ಗಂಡೆಂದು ಅರಿಯಬಹುದು. ಕೆಲವರಿಗೆ ಈ ಎರಡು ಹೆಸರುಗಳೂ ಹೊಂದುವುದಿಲ್ಲ. ಇದು ಹಟವಲ್ಲ, ವೇಷವೂ ಅಲ್ಲ. ಅವರ ಅಂತರಂಗದ ಅರಿವು. 2011ರ ಜನಗಣತಿಯಲ್ಲಿ ಗಂಡು-ಹೆಣ್ಣುಗಳಲ್ಲದೆ 'ಇತರೆ' ಎಂದು ಬರೆಯಿಸಿದವರು ನಮ್ಮ ದೇಶದಲ್ಲಿ 4,87,803 ಜನ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಇವರನ್ನು ತೃತೀಯಲಿಂಗವೆಂದು ಮನ್ನಿಸಿ, ಸಂವಿಧಾನದ ಹಕ್ಕುಗಳು ಇವರಿಗೂ ಸಮಾನವೆಂದು ತೀರ್ಪು ಕೊಟ್ಟಿತು.

ತಿಕೋಂಡಿಯ ಸುತ್ತಲಿನ ನಮಗೆ ಇವರು ಹೊಸಬರೇನಲ್ಲ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಜತ್ತದಲ್ಲಿಯೂ ಎಲ್ಲಮ್ಮನ ಜಾತ್ರೆ ನೆರೆಯುತ್ತದೆ. ಸೀರೆಯುಟ್ಟು, ಹಣೆಗೆ ಭಂಡಾರ ಹಚ್ಚಿ, ಚೌಡಿಕೆಯ ನಾದದೊಡನೆ ಜೋಗಕ್ಕೆ ಬರುವ ಜೋಗಪ್ಪಗಳನ್ನು ನಾವೆಲ್ಲ ಕಂಡಿದ್ದೇವೆ. ಅವರ ಮುಂದೆ ಕೈಮುಗಿದು, ಅವರು ಬೆನ್ನು ತಿರುಗಿಸಿದೊಡನೆ ನಗುವವರನ್ನೂ ಕಂಡಿದ್ದೇವೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಕೊನೆಗೆ ಜೋಗತಿ ನೃತ್ಯವನ್ನು ಕಲಿತು ಬದುಕು ಕಟ್ಟಿಕೊಂಡರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್ ತಿಂಗಳಲ್ಲಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀ ಪಡೆಯುವಾಗ ಸೆರಗಿನಿಂದ ಅವರ ದೃಷ್ಟಿ ತೆಗೆದು ಹರಸಿದರು. ಇಂಥ ಮನುಷ್ಯರನ್ನು ಆಟದ ಕಂಪನಿಗಳು ಹೇಗೆ ತೋರಿಸಿವೆ?

ಜಪಾನಿನ ನಿಂಟೆಂಡೊ ಕಂಪನಿಯು 1988ರಲ್ಲಿ ಅಮೆರಿಕದಲ್ಲಿ 'ಸೂಪರ್ ಮಾರಿಯೋ ಬ್ರದರ್ಸ್ 2' ಎಂಬ ಆಟವನ್ನು ಹೊರತಂದಿತು. ಅದರಲ್ಲಿ ಬರ್ಡೊ ಎಂಬ ಪ್ರಾಣಿಯಿದೆ. ಆಟದ ಜೊತೆಗಿನ ಕೈಪಿಡಿಯು ಅದನ್ನು ತನ್ನನ್ನು ಹೆಣ್ಣೆಂದು ತಿಳಿದಿರುವ ಗಂಡು ಎಂದು ಪರಿಚಯಿಸಿತು. ಚಿಕ್ಕ ಮಕ್ಕಳು ಓದುವ ಕೈಪಿಡಿಯಲ್ಲಿ ಒಬ್ಬರ ಅಂತರಂಗವು ಒಂದು ಸಾಲಿನ ಚೇಷ್ಟೆಯಾಯಿತು.

2017ರಲ್ಲಿ ಕೆನಡಾದ ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್: ಆಂಡ್ರೊಮಿಡಾ' ಬಂದಿತು. ಇದರಲ್ಲಿ ತೃತೀಯಲಿಂಗಿ ಮಹಿಳೆಯೊಬ್ಬಳು ವಿಜ್ಞಾನಿಯಾಗಿದ್ದಾಳೆ, ಉದ್ದೇಶವೇನೋ ಒಳ್ಳೆಯದೇ. ಆದರೆ ಆಕೆ ಮೊದಲ ಭೆಟ್ಟಿಯಲ್ಲಿಯೇ, ಅಪರಿಚಿತ ಆಟಗಾರನ ಮುಂದೆ ತನ್ನ ಹಳೆಯ ಹೆಸರನ್ನು ಹೇಳಿಬಿಡುತ್ತಾಳೆ. ಆ ಹೆಸರಿನೊಡನೆ ನೋವು ಅಂಟಿರುವುದರಿಂದ ಯಾರೂ ಅದನ್ನು ಹಾಗೆ ಹೇಳುವುದಿಲ್ಲವೆಂದು ತೃತೀಯಲಿಂಗಿಗಳು ಆಕ್ಷೇಪಿಸಿದರು. ಕಂಪನಿಯು ಕ್ಷಮೆ ಕೇಳಿ, ಅದೇ ವರ್ಷ ಆ ಸಂಭಾಷಣೆಯನ್ನು ತಿದ್ದಿತು.

ಹೆಚ್ಚಿನ ವಾದ ನಡೆದದ್ದು ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ರೆಡ್ ಕಂಪನಿಯ ಮೇಲೆ. 2018ರಲ್ಲಿ ಅದು ತನ್ನ 'ಸೈಬರ್‌ಪಂಕ್ 2077' ಆಟದ ಪ್ರಚಾರಕ್ಕಾಗಿ ತೃತೀಯಲಿಂಗಿಗಳನ್ನು ಅಣಕಿಸುವ ಮಾತೊಂದನ್ನು ಪ್ರಕಟಿಸಿ, ಬಳಿಕ ಕ್ಷಮೆ ಕೇಳಿತು. 2019ರಲ್ಲಿ ಆಟದ ಒಂದು ದೃಶ್ಯ ಹೊರಬಂತು. ಅದರಲ್ಲಿ ಗೋಡೆಯ ಮೇಲಿನ ಪಾನೀಯದ ಜಾಹೀರಾತು ತೃತೀಯಲಿಂಗಿಯ ಶರೀರವನ್ನು ಸರಕಿನಂತೆ ತೋರಿಸುತ್ತಿತ್ತು. 'ಲಾಭಕ್ಕಾಗಿ ಮನುಷ್ಯರ ಶರೀರವನ್ನೇ ಮಾರುವ ಕೆಟ್ಟ ಜಗತ್ತನ್ನು ತೋರಿಸುವುದೇ ನಮ್ಮ ಕಥೆ' ಎಂಬುದು ಕಂಪನಿಯ ಕಡೆಯ ಸಮಾಧಾನ. 'ಟೀಕೆಯ ಹೆಸರಿನಲ್ಲಿ ನೀವು ಮಾಡಿದ್ದೂ ಅದನ್ನೇ ಅಲ್ಲವೆ?' ಎಂಬುದು ಎದುರಾಳಿಗಳ ಪ್ರಶ್ನೆ. 2020ರ ಡಿಸೆಂಬರಿನಲ್ಲಿ ಆಟ ಬಿಡುಗಡೆಯಾದಾಗ ಅದರಲ್ಲಿ ಕ್ಲೇರ್ ಎಂಬ ತೃತೀಯಲಿಂಗಿ ಮಹಿಳೆಯೂ ಇದ್ದಳು. ಆಕೆ ತನ್ನದೇ ದುಃಖ, ಛಲ, ಗೆಳೆತನವುಳ್ಳ ಪಾತ್ರ.

ಈಗ ಎರಡೂ ಪಕ್ಷಗಳನ್ನು ತೂಗಿ ನೋಡೋಣ. ಕಂಪನಿಗಳ ಪರವಾಗಿ ಮಾತಾಡುವವರು ಹೀಗೆನ್ನುತ್ತಾರೆ: ಆಟವು ಕಲ್ಪನೆ, ಕೆಟ್ಟದ್ದನ್ನು ತೋರಿಸಿದ ಮಾತ್ರಕ್ಕೆ ಅದನ್ನು ಒಪ್ಪಿದಂತಾಗದು. ತಪ್ಪು ಹುಡುಕುವುದು ಮಿತಿಮೀರಿದರೆ ಕಂಪನಿಗಳು ಅಂಜಿ ಈ ಜನರನ್ನು ತೋರಿಸುವುದನ್ನೇ ಬಿಟ್ಟಾವು. ಈ ಮಾತಿನಲ್ಲಿ ತಥ್ಯವಿದೆ. ನಮ್ಮ ಬಯಲಾಟದಲ್ಲಿಯೂ ಹಾಸ್ಯಗಾರನು ರಾಜನನ್ನು ಕೂಡ ಬಿಡದೆ ಗೇಲಿ ಮಾಡುತ್ತಾನಲ್ಲ!

ಆದರೆ ರಾಜನನ್ನು ಕಂಡು ನಕ್ಕರೆ ರಾಜನ ಸಿಂಹಾಸನಕ್ಕೆ ಏನೂ ಆಗುವುದಿಲ್ಲ. ಮೊದಲೇ ಬೀದಿಯಲ್ಲಿ ನಗೆಗೀಡಾದವರನ್ನು ಆಟದಲ್ಲಿಯೂ ನಗೆಗೀಡು ಮಾಡಿದರೆ, ಆಟ ಮುಗಿದ ಮೇಲೂ ಆ ನಗೆ ಬೀದಿಯಲ್ಲಿ ಉಳಿಯುತ್ತದೆ. ನಮ್ಮನ್ನೇ ನೋಡಿಕೊಳ್ಳೋಣ. ನಾವು ಮಹಾರಾಷ್ಟ್ರದ ಕನ್ನಡಿಗರು. ಸಾಂಗಲಿಯ ಪೇಟೆಯಲ್ಲಿ ನಾವು ಮರಾಠಿ ಮಾತಾಡಲು ತಡವರಿಸಿದಾಗ ಯಾರಾದರೂ ಅಣಕಿಸಿದರೆ, ಅದು ಬರಿಯ ವಿನೋದವೆಂದು ನಮಗೆ ಅನಿಸೀತೆ? ಆಡುವವರಿಗೆ ಅದು ಒಂದು ಮಾತು. ಕೇಳುವವರಿಗೆ ದಿನವೂ ಚುಚ್ಚುವ ಮುಳ್ಳು.

ಆದಕಾರಣ 'ಎಲ್ಲ ಕಂಪನಿಗಳೂ ಕೆಟ್ಟವು' ಎಂದಾಗಲಿ, 'ಆಟದಲ್ಲಿ ಏನು ತೋರಿಸಿದರೂ ಸರಿ' ಎಂದಾಗಲಿ ನಾವು ಹೇಳಲಾರೆವು. ಪ್ರತಿಯೊಂದು ಆಟವನ್ನೂ ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕು. ಒಂದು, ಈ ಪಾತ್ರಕ್ಕೆ ನಗಿಸುವುದನ್ನು ಬಿಟ್ಟು ಬೇರೆ ಬಾಳುವೆ ಇದೆಯೆ? ಎರಡು, ಅದನ್ನು ರಚಿಸುವಾಗ ಅಂಥ ಬಾಳನ್ನು ಬಾಳಿದವರನ್ನು ಕೇಳಿದ್ದಾರೆಯೆ? ಮೂರು, ನೋವಾಯಿತೆಂದು ತಿಳಿಸಿದಾಗ ತಿದ್ದಿಕೊಂಡಿದ್ದಾರೆಯೆ? ಬರ್ಡೊವಿನ ಕೈಪಿಡಿಯು ಮೊದಲನೆಯದರಲ್ಲಿಯೇ ಸೋಲುತ್ತದೆ. ಬಯೋವೇರ್ ಎರಡನೆಯದರಲ್ಲಿ ಎಡವಿದರೂ ಮೂರನೆಯದರಲ್ಲಿ ಗೆಲ್ಲುತ್ತದೆ. ಫ್ರಾನ್ಸಿನ ಡೋಂಟ್‌ನಾಡ್ ಕಂಪನಿಯು 2020ರಲ್ಲಿ 'ಟೆಲ್ ಮಿ ವೈ' ಎಂಬ ಆಟದಲ್ಲಿ ಟೈಲರ್ ಎಂಬ ತೃತೀಯಲಿಂಗಿ ಯುವಕನನ್ನೇ ನಾಯಕನನ್ನಾಗಿ ಮಾಡಿತು. ಅಂಥವರ ಹಕ್ಕಿಗಾಗಿ ದುಡಿಯುವ ಸಂಸ್ಥೆಯ ಸಲಹೆ ಪಡೆದು, ಆ ಪಾತ್ರಕ್ಕೆ ದನಿಯನ್ನು ಅಂಥವರಿಂದಲೇ ಕೊಡಿಸಿತು. ಮನಸ್ಸಿದ್ದರೆ ಮಾರ್ಗ ಎಂಬುದಕ್ಕೆ ಇದು ನಿದರ್ಶನ.

ವಿದ್ಯಾರ್ಥಿ ಮಿತ್ರರೆ, ಪಾಲಕರೆ, ದೂರದೇಶದ ಕಂಪನಿಗಳ ವಿಚಾರ ನಮಗೇಕೆ ಎನ್ನಬೇಡಿರಿ. ನಡಿಗೆ ಮೆದುವಾಗಿದ್ದ ಹುಡುಗನಿಗೆ, ಗಂಡುಡುಗೆ ಇಷ್ಟಪಡುವ ಹುಡುಗಿಗೆ ಅಡ್ಡಹೆಸರಿಟ್ಟು ಕೂಗುವುದು ಎಲ್ಲ ಶಾಲೆಗಳ ಅಂಗಳಗಳಲ್ಲಿಯೂ ಕೇಳಿಬರುವ ಮಾತೇ. ಅಂಥ ಮಾತು ಕೇಳಿ ಶಾಲೆ ಬಿಟ್ಟವರು, ಮನೆ ಬಿಟ್ಟವರು ಎಷ್ಟೋ ಜನ. ಮೂರು ಪ್ರಶ್ನೆಗಳನ್ನು ಕಂಪನಿಗಳಿಗೆ ಕೇಳುವ ಹಕ್ಕು ನಮಗಿದೆ; ಆದರೆ ಅವನ್ನು ಮೊದಲು ನಮ್ಮ ನಾಲಿಗೆಗೆ ಕೇಳಿಕೊಳ್ಳೋಣ. ಪಾಲಕರು ಮಕ್ಕಳ ಕೈಯಿಂದ ಮೊಬೈಲು ಕಸಿದುಕೊಂಡು ಸುಮ್ಮನಾಗದೆ, ಒಂದು ದಿನ ಮಗ್ಗುಲಲ್ಲಿ ಕುಳಿತು, 'ಈ ಆಟದಾಗ ಯಾರನ್ನ ನೋಡಿ ನಗ್ತೀಯಪಾ?' ಎಂದು ಕೇಳಲಿ. ಆ ಒಂದು ಪ್ರಶ್ನೆಯಿಂದ ಮನೆಯಲ್ಲಿಯೇ ಒಳ್ಳೆಯ ಚರ್ಚೆ ಆರಂಭವಾದೀತು.